ಮೆಟ್ಟಿಲೆಷ್ಟು ಎಂದು ಕೇಳಿ



ಕಳೆದ ತಿಂಗಳು ಡೊಂಬಿವಲಿಯಲ್ಲಿ ಗೆಳೆಯನೊಬ್ಬನ ಗೃಹಪ್ರವೇಶ. ಪಾರ್ಶ್ವವಾಯುವಿನಿಂದ ನನ್ನಾಕೆಯ ಬಲಗಡೆ ಸೋತಿದೆ. ಯಾರು ಕರೆದರೂ "ನೀವೊಬ್ಬರೇ ಹೋಗಿಬನ್ನಿ" ಎನ್ನುತ್ತಿದ್ದಳು. ಹಿಂದೊಮ್ಮೆ ಹುಡುಗರು ಅವಳನ್ನು ಕುರ್ಚಿಯಲ್ಲಿ ಕೂರಿಸಿ ಮೂರು ಮಹಡಿ ಹೊತ್ತೊಯ್ದಿದ್ದರು. ಅವರದು ಪ್ರೀತಿಯೇ, ಆದರೆ ಸಂಕೋಚದಿಂದ ಅಂದು ಅವಳಿಗೆ ಊಟ ಸೇರಲಿಲ್ಲ.

ಈ ಸಲ ಮೊದಲೇ ಫೋನು ಮಾಡಿದೆ. ಲಿಫ್ಟಿನವರೆಗೆ ಮೆಟ್ಟಿಲೆಷ್ಟು? ಹಿಡಿಯಲು ಕಂಬಿ ಯಾವ ಕಡೆ? ಕಮೋಡ್ ಇದೆಯೇ? ಗೆಳೆಯ ಕೆಳಗಿಳಿದು ನೋಡಿ ಬಂದು ಹೇಳಿದ: "ಐದು ಮೆಟ್ಟಿಲು, ಎಡಕ್ಕೆ ಕಂಬಿ, ಕಮೋಡ್ ಇದೆ. ಕರೆದುಕೊಂಡು ಬಾ ಮಾರಾಯ."

ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು ಎಂಬುದು ವ್ಯಾಯಾಮ ಕಲಿಸಿದವರ ಪಾಠ. ಎಡಗೈಯಲ್ಲಿ ಕಂಬಿ ಹಿಡಿದು ತಾನೇ ಹತ್ತಿದಳು. ಇಳಿಯುವಾಗ ಕಂಬಿ ಬಲಕ್ಕೆ ಬಂತು. ಎಡಕ್ಕೆ ನನ್ನ ಭುಜವಿತ್ತು. ಅರಿಶಿನ ಕುಂಕುಮ ಪಡೆದು, ಹೋಳಿಗೆ ಉಂಡು, ರೈಲಿನಲ್ಲಿ ದಾರಿಯುದ್ದಕ್ಕೂ ಮಾತಾಡಿದಳು.

ನಾಳೆ ನೀವೂ ಹೊಸ ಮನೆಗೆ ನಮ್ಮವರನ್ನು ಕರೆಯುವಿರಿ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು. ಸೊಸೈಟಿಯ ಸಭೆಯಲ್ಲಿ ಆ ಮಾತೆತ್ತಿ. ಅದಾಗುವವರೆಗೆ, ವಿಳಾಸದ ಜೊತೆ ಮೆಟ್ಟಿಲಿನ ಲೆಕ್ಕವನ್ನೂ ತಿಳಿಸಿ. ಕೇಳಲು ಸಂಕೋಚಪಡುವವರಿಗೆ ಅದೇ ನಿಜವಾದ ಆಮಂತ್ರಣ.