ಈಸೂರಿನ ಋಣ

ಪ್ರತಿವರ್ಷ ಮಾರ್ಚ್ ತಿಂಗಳ ಎರಡನೆಯ ವಾರ ಬಂದಾಗ ಶಿಕಾರಿಪುರ ತಾಲ್ಲೂಕಿನ ಈಸೂರಿನ ನೆನಪು ನಮಗೆ ಬಾರದೆ ಇರುವುದಿಲ್ಲ. 1943ನೆಯ ಇಸವಿ ಮಾರ್ಚ್ 8, 9 ಮತ್ತು 10ನೆಯ ತಾರೀಖುಗಳಲ್ಲಿ ಆ ಒಂದೇ ಊರಿನ ಐವರನ್ನು ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಗುರಪ್ಪ, ಜೀನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಬಡಕಳ್ಳಿ ಹಾಲಪ್ಪ, ಗೌಡ ಶಂಕರಪ್ಪ ಎಂಬುವು ಅವರ ಹೆಸರುಗಳು. ಭಾಷಣಗಳಲ್ಲಿ ಇವರು 'ಈಸೂರಿನ ಐವರು' ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುವುದು ನಮಗೆ ಸರಿಕಾಣುವುದಿಲ್ಲ. ಹೆಸರು ಹಿಡಿದು ಕರೆಯುವುದು ಗೌರವದ ಮೊದಲನೆಯ ಮೆಟ್ಟಿಲು.

ನಡೆದುದೇನೆಂಬುದನ್ನು ಸಂಕ್ಷೇಪವಾಗಿ ಹೇಳುವೆವು. 1942ರ ಆಗಸ್ಟ್‌ನಲ್ಲಿ ಮುಂಬಯಿಯಿಂದ ಹೊರಟ 'ಬ್ರಿಟಿಷರೇ, ಭಾರತ ಬಿಟ್ಟು ತೊಲಗಿ' ಎಂಬ ಕೂಗು ಕುಮುದ್ವತಿಯ ದಂಡೆಯ ಈ ಹಳ್ಳಿಗೂ ಮುಟ್ಟಿತು. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಊರವರು ವೀರಭದ್ರ ದೇವಸ್ಥಾನದ ಮೇಲೆ ತ್ರಿವರ್ಣಧ್ವಜವನ್ನೇರಿಸಿ, ತಮ್ಮ ಊರು ಸ್ವತಂತ್ರವಾಯಿತೆಂದು ಸಾರಿ, ಎಳೆಯ ಹುಡುಗರಿಬ್ಬರನ್ನು ಊರಿನ ಅಮಲ್ದಾರನೆಂದೂ ಸಬ್‌ಇನ್‌ಸ್ಪೆಕ್ಟರನೆಂದೂ ನೇಮಿಸಿಕೊಂಡರು. ಬೇಜವಾಬ್ದಾರಿ ಸರ್ಕಾರದವರಿಗೆ ಇಲ್ಲಿ ಪ್ರವೇಶವಿಲ್ಲವೆಂದು ಊರ ಮುಂದೆ ಹಲಗೆ ತೂಗುಹಾಕಿದರು. ಹುಡುಗಾಟವೆಂದು ನಗುವವರು ನಗಬಹುದು. ಆದರೆ ಕಂದಾಯ ಕಟ್ಟಿ, ಜಮಾಬಂದಿಯಲ್ಲಿ ಕೈಕಟ್ಟಿ ನಿಂತು ಅಭ್ಯಾಸವಾದ ರೈತನೂ ಕಸುಬುದಾರನೂ ಆ ಹುಡುಗರ ಪಟ್ಟಾಭಿಷೇಕದಲ್ಲಿ ಕಂಡದ್ದು ಬರಿಯ ಆಟವನ್ನಲ್ಲ.

ಆಮೇಲೆ ನಡೆದುದು ಆಟವಾಗಿ ಉಳಿಯಲಿಲ್ಲ. ನಿಜವಾದ ಅಮಲ್ದಾರರಾದ ಚೆನ್ನಕೃಷ್ಣಪ್ಪನವರೂ ಸಬ್‌ಇನ್‌ಸ್ಪೆಕ್ಟರ್ ಕೆಂಚೇಗೌಡರೂ ಪೊಲೀಸರೊಡನೆ ಊರಿಗೆ ಬಂದರು. ಗಾಂಧಿ ಟೋಪಿ ಧರಿಸಬೇಕೆಂಬ ಒತ್ತಾಯದಿಂದ ಮಾತು ಬೆಳೆಯಿತು. ಮಾತು ಕೈಗೆ ಹತ್ತಿತು. ರೊಚ್ಚಿಗೆದ್ದ ಗುಂಪಿನ ಏಟಿಗೆ ಆ ಇಬ್ಬರು ಅಧಿಕಾರಿಗಳೂ ಅಸುನೀಗಿದರು. ಬಳಿಕ ಸರ್ಕಾರದ ಬಲ ಬಂದಿತು. ಊರವರು ಕಾಡು ಹಿಡಿದರು, ಮನೆಗಳು ಲೂಟಿಯಾದುವು, ಗಂಡಸರಂತೆ ಹೆಂಗಸರೂ ಸೆರೆಮನೆ ಕಂಡರು.

ಉತ್ಸವದ ಭಾಷಣಗಳು ದಾಟಿಹೋಗುವ ಒಂದು ಮಾತನ್ನು ನಾವಿಲ್ಲಿ ಹೇಳಬೇಕಾಗಿದೆ. ಈಸೂರಿನವರನ್ನು ಗಲ್ಲಿಗೇರಿಸಿದ್ದು ಲಂಡನ್ನಿನ ಸರ್ಕಾರವಲ್ಲ, ಮೈಸೂರಿನ ಸರ್ಕಾರ. ಆಗ ದಿವಾನರಾಗಿದ್ದವರು ಎನ್. ಮಾಧವರಾಯರು, ಗದ್ದುಗೆಯಲ್ಲಿದ್ದವರು ಜಯಚಾಮರಾಜ ಒಡೆಯರು. ಸತ್ತ ಅಧಿಕಾರಿಗಳೂ ನಮ್ಮವರೇ, ಹೊಡೆದವರೂ ನಮ್ಮವರೇ. ಬಿಳಿಯರ ಮೇಲೆ ಸಮಸ್ತವನ್ನೂ ಹೊರಿಸಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಅದು ಈಸೂರಿನ ಕಥೆಯಲ್ಲ. ಇದು ಒಂದೇ ಮನೆಯೊಳಗೆ ಹರಿದ ನೆತ್ತರು.

ಹಾಗೆಂದು ಎರಡು ಕಡೆಯ ತಪ್ಪನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಸಮವೆಂದು ತೀರ್ಪು ಕೊಡುವುದು ನಮ್ಮ ಅಭಿಪ್ರಾಯವಲ್ಲ. ಹಳ್ಳಿಯವರು ಮಾಡಿದ್ದು ಒಂದು ಗಳಿಗೆಯ ರೋಷದಲ್ಲಿ. ಸರ್ಕಾರ ಮಾಡಿದ್ದು ತಿಂಗಳುಗಟ್ಟಲೆ ಯೋಚಿಸಿ, ಕಾಗದದ ಮೇಲೆ ರುಜು ಹಾಕಿ. ಮಹಾತ್ಮರು ಆಗಾಖಾನ್ ಅರಮನೆಯ ಬಂಧನದಲ್ಲಿ ಕೈಗೊಂಡ 21 ದಿನಗಳ ಉಪವಾಸವನ್ನು ಮುಗಿಸಿದ್ದು 1943ರ ಮಾರ್ಚ್ 3ರಂದು. ಅದಾದ ಐದನೆಯ ದಿನಕ್ಕೆ ಮೊದಲನೆಯ ನೇಣು ಬಿಗಿಯಿತು. ಕ್ಷಮೆಗೆ ಇದಕ್ಕಿಂತ ಒಳ್ಳೆಯ ಕಾಲ ಯಾವುದಿದ್ದಿತು? ಜವಾಬ್ದಾರಿ ಸರ್ಕಾರಕ್ಕಾಗಿ 1938ರಲ್ಲಿ ಶಿವಪುರದಲ್ಲಿ ಧ್ವಜವೇರಿತು, ಅದೇ ಏಪ್ರಿಲ್‌ನಲ್ಲಿ ವಿದುರಾಶ್ವತ್ಥದಲ್ಲಿ ಗುಂಡು ಹಾರಿತು. 1947ರ ಅಕ್ಟೋಬರ್‌ನಲ್ಲಿ ಕೆ. ಸಿ. ರೆಡ್ಡಿಯವರು ಮುಖ್ಯಮಂತ್ರಿಯಾದಾಗ, ಈಸೂರಿನ ಹಲಗೆ ಕೇಳಿದ್ದನ್ನೇ ಮೈಸೂರು ಸಂಸ್ಥಾನ ಒಪ್ಪಿಕೊಂಡಿತು. ನಡುವೆ ಕಳೆದದ್ದು ಐದು ವರ್ಷಕ್ಕೂ ಕಡಮೆ. ಆಜನ್ಮ ಕಾರಾಗೃಹವನ್ನು ವಿಧಿಸಿ ಕಾದಿದ್ದರೂ ಸಾಕಾಗಿತ್ತು, ಆ ಐವರೂ ಮನೆಗೆ ಮರಳುತ್ತಿದ್ದರು. ರಾಜನೀತಿಯಲ್ಲಿ ಆತುರವೆಂಬುದು ಎಷ್ಟು ದುಬಾರಿಯೆಂಬುದನ್ನು ಇಂದಿನ ಅಧಿಕಾರಿಗಳೂ ಈ ಲೆಕ್ಕದಿಂದ ತಿಳಿಯಬಹುದು.

ಈಗ ಗೌರವದ ಪ್ರಶ್ನೆ. ಅಂಬ್ಲಿಗೊಳದ ಜಲಾಶಯದ ಕಡೆಯಿಂದ ಶಿಕಾರಿಪುರದ ಪೇಟೆಗೆ ಭತ್ತ, ಜೋಳಗಳನ್ನು ಸಾಗಿಸುವ ಜನರಿಗೆ, ಊರಿನ ಒಬ್ಬ ಒಕ್ಕಲನ್ನೋ ಕಸುಬುದಾರನನ್ನೋ ಕಳೆದುಕೊಳ್ಳುವುದೆಂದರೆ ಏನೆಂಬುದು ಪತ್ರಿಕೆಯವರಾದ ನಮಗಿಂತ ಚೆನ್ನಾಗಿ ಗೊತ್ತು. ಬಿತ್ತನೆಗೆ ಎತ್ತು ಕಟ್ಟುವವನಿಲ್ಲ. ಕೆಲಸಕ್ಕೆಂದು ಬಾಗಿಲಿಗೆ ಬಂದವರು ಹಾಗೆಯೇ ಹಿಂದಿರುಗುತ್ತಾರೆ. ಮನೆಯಾಕೆ ಎರಡಾಳಿನ ದುಡಿಮೆ ಮಾಡುತ್ತಾಳೆ. ಆದುದರಿಂದ ಹಾರ, ಭಾಷಣ, ಧ್ವಜವಂದನೆಗಳಷ್ಟರಿಂದಲೇ ಆ ಋಣ ತೀರುವುದೆಂದು ನಾವು ನಂಬಲಾರೆವು. ತಾಲ್ಲೂಕಿನ ಶಾಲೆಗಳ ಉಪಾಧ್ಯಾಯರು ಮಕ್ಕಳನ್ನು ಈಸೂರಿಗೆ ಕರೆದೊಯ್ದು, ಗಲ್ಲಿಗೇರಿದವರ ಸಾವಿನ ಸಂಗತಿಯಷ್ಟನ್ನೇ ಅಲ್ಲ, ಅವರ ಹೊಲ, ಕೆಲಸ, ಬಾಳುವೆಯ ಸಂಗತಿಗಳನ್ನೂ ಮನೆಯ ಹಿರಿಯರ ಬಾಯಿಂದ ಕೇಳಿ ಬರೆದಿಡಿಸಲಿ.

ಅದೇ ಪುಸ್ತಕದಲ್ಲಿ ಚೆನ್ನಕೃಷ್ಣಪ್ಪ, ಕೆಂಚೇಗೌಡ ಎಂಬ ಇಬ್ಬರ ಹೆಸರಿಗೂ ಒಂದು ಪುಟ ಇರಲಿ. ಈ ಮಾತು ಕೆಲವರಿಗೆ ಅಹಿತವಾಗಬಹುದು. ಅವರು ಆಜ್ಞೆಯ ಮೇಲೆ ಬಂದವರು; ಅವರ ಮನೆಯಲ್ಲಿಯೂ ದೀಪ ಹಚ್ಚುವವರಿದ್ದರು. ಊರವರೇ ಮುಂದೆ ನಿಂತು ಆ ಪುಟವನ್ನು ಬರೆಸಿದರೆ ಈಸೂರಿನ ಹೆಸರಿಗೆ ಕುಂದು ಬಾರದು.