ಬಾಯಿಪಾಠಕ್ಕೆ ಸಿಕ್ಕದ ಎಲೆ

ಕಡೂರು ತಾಲ್ಲೂಕಿನ ದೇವನೂರು ಎಂದೊಡನೆ ಕನ್ನಡಿಗರಿಗೆ ನೆನಪಾಗುವವನು ಜೈಮಿನಿ ಭಾರತದ ಲಕ್ಷ್ಮೀಶ. ಅವನ ಷಟ್ಪದಿಗಳನ್ನು ನಮ್ಮ ಹಿರಿಯರು ಬಾಯಿಪಾಠ ಮಾಡಿ ಕಲಿತರು; ಕಾವ್ಯಕ್ಕೆ ಆ ಕ್ರಮ ಒಪ್ಪುತ್ತದೆ. ಅದನ್ನೇ ಸಸ್ಯಶಾಸ್ತ್ರಕ್ಕೂ ಅನ್ವಯಿಸುವುದು ಮಾತ್ರ ಖೇದಕರ. ದ್ಯುತಿಸಂಶ್ಲೇಷಣೆಯ ವ್ಯಾಖ್ಯೆಯನ್ನು ತಡವರಿಸದೆ ಒಪ್ಪಿಸುವ ಮಗುವನ್ನು, ಗಿಡ ಬಿಸಿಲಿನಲ್ಲಿ ಆಹಾರ ತಯಾರಿಸುವುದು ನಿಜವೆಂದು ಹೇಗೆ ಬಲ್ಲೆ ಎಂದು ಕೇಳಿ ನೋಡಿ. ಪುಸ್ತಕದಲ್ಲಿದೆ ಎನ್ನುತ್ತದೆ!

ಎಲೆಯನ್ನೇ ಕೇಳಬಹುದಲ್ಲ? ದೇವನೂರಿನಂತಹ ಬಯಲುಸೀಮೆಯ ಊರಿನಲ್ಲಿ ಅದಕ್ಕೆ ಬೇಕಾದ ಬಿಸಿಲಿಗೆ ಬರವಿಲ್ಲ. ಪಟ್ಟಣದ ಮನೆಯಲ್ಲಾದರೆ ಮಹಡಿಯ ಮೇಲಿನ ಕುಂಡವೇ ಸಾಕು. ದಾಸವಾಳದ ಗಿಡವೊಂದನ್ನು ಎರಡು ಮೂರು ದಿನ ಕತ್ತಲಲ್ಲಿಟ್ಟರೆ ಎಲೆಯಲ್ಲಿ ಕೂಡಿಟ್ಟ ಪಿಷ್ಟವನ್ನು ಗಿಡವೇ ವೆಚ್ಚಮಾಡಿಕೊಳ್ಳುತ್ತದೆ. ಅನಂತರ ಒಂದೆಲೆಯ ನಡುಭಾಗವನ್ನು ಎರಡೂ ಮಗ್ಗುಲಿನಿಂದ ಕಪ್ಪು ಕಾಗದದಲ್ಲಿ ಮುಚ್ಚಿ, ಐದಾರು ಗಂಟೆ ಬಿಸಿಲಿಗಿಡಬೇಕು. ಆ ಎಲೆಯನ್ನು ಕಿತ್ತು, ಕುದಿಯುವ ನೀರಿನಲ್ಲಿ ಅದ್ದಿ, ಬಿಸಿ ಮದ್ಯಸಾರದಲ್ಲಿಟ್ಟರೆ ಹಸುರು ಬಿಟ್ಟು ಬಿಳಿಚಿಕೊಳ್ಳುತ್ತದೆ. (ಮದ್ಯಸಾರವನ್ನು ಎಂದಿಗೂ ಉರಿಯ ಮೇಲಿಡಕೂಡದು. ಉರಿಯನ್ನು ಆರಿಸಿ, ಅದರ ಪಾತ್ರೆಯನ್ನು ಬಿಸಿನೀರಿನೊಳಗೆ ಇಳಿಸಬೇಕು. ಈ ಕೆಲಸ ಹಿರಿಯರದೇ.) ತೊಳೆದ ಎಲೆಗೆ ಅಯೋಡಿನ್ ದ್ರವವನ್ನು ತೊಟ್ಟಿಕ್ಕಿಸಿದರೆ ಬಿಸಿಲು ಕಂಡ ಭಾಗ ನೀಲಿಗಪ್ಪಾಗುತ್ತದೆ, ಕಾಗದ ಮುಚ್ಚಿದ್ದೆಡೆ ಅಯೋಡಿನ್ನಿನ ಕಂದು ಬಣ್ಣವಷ್ಟೇ. 1860ರ ದಶಕದಲ್ಲಿ ಜರ್ಮನಿಯ ಯೂಲಿಯಸ್ ಸಾಕ್ಸ್ ಎಲೆಯಲ್ಲಿ ಪಿಷ್ಟವನ್ನು ಗುರುತಿಸಿದ್ದು ಹೀಗೆಯೇ.

ಕೆಲವೊಮ್ಮೆ ನೀಲಿ ಬರುವುದೇ ಇಲ್ಲ. ಆಗ ಪುಸ್ತಕ ನೋಡಿ 'ನೀಲಿಯಾಯಿತು' ಎಂದು ಬರೆದ ಮಗುವಿಗೆ ಪೂರ್ಣ ಅಂಕ, ಕಂಡದ್ದನ್ನು ಬರೆದ ಮಗುವಿಗೆ ಸೊನ್ನೆ! ಪ್ರಯೋಗವನ್ನೇ ಮಾಡದಿದ್ದರೆ ಇಷ್ಟು ಕೇಡಿಲ್ಲ. ಮೋಡವಿತ್ತೆ, ಹಸುರು ಪೂರ್ತಿ ಹೋಗಿರಲಿಲ್ಲವೆ ಎಂದು ಹುಡುಕಬೇಡವೆ? ಈ ಸೀಮೆಯ ಹೊಲಗಳಲ್ಲಿ ಬೆಳೆಯುವ ಈರುಳ್ಳಿಯ ಎಲೆಯನ್ನೇ ತಂದು ಪರೀಕ್ಷಿಸಿ. ಅದು ತನ್ನ ಆಹಾರವನ್ನು ಪಿಷ್ಟವಾಗಿ ಅಲ್ಲ, ಸಕ್ಕರೆಯಾಗಿ ಇಟ್ಟುಕೊಳ್ಳುತ್ತದೆ. ಅಲ್ಲಿ ನೀಲಿ ಬಾರದಿರುವುದೇ ಸರಿಯಾದ ಉತ್ತರ.

ಮದ್ಯಸಾರದ ಗೊಡವೆ ಬೇಡವೆನ್ನುವವರಿಗೆ ನೀರುಗಿಡ ಹೈಡ್ರಿಲ್ಲಾ ಇದೆ. ಜಗದೀಶಚಂದ್ರ ಬೋಸರು ಇದನ್ನೇ ಬಳಸಿ ದ್ಯುತಿಸಂಶ್ಲೇಷಣೆಯನ್ನು ಅಳೆದು, 1924ರಲ್ಲಿ ಗ್ರಂಥವನ್ನೇ ಪ್ರಕಟಿಸಿದರು. ಇದರ ಎಳೆಯೊಂದನ್ನು ಕತ್ತರಿಸಿ, ಕತ್ತರಿಸಿದ ತುದಿ ಮೇಲಿರುವಂತೆ ಗಾಜಿನ ಲೋಟದ ನೀರಿನಲ್ಲಿ ಮುಳುಗಿಸಿ ಬಿಸಿಲಿಗಿಡಿ. ಮಿನಿಟಿಗೆ ಎಷ್ಟು ಗುಳ್ಳೆ ಏಳುತ್ತವೆಂದು ಮಕ್ಕಳು ಎಣಿಸಲಿ; ನೆರಳಿಗೆ ಸರಿಸಿ ಮತ್ತೆ ಎಣಿಸಲಿ. ನೀರಿಗೆ ಚಿಟಿಕೆ ಅಡುಗೆ ಸೋಡ ಹಾಕಿದರೆ ಗುಳ್ಳೆಗಳು ಹೆಚ್ಚುತ್ತವೆ. ಏಕೆಂದು ದೊಡ್ಡವರು ಕೂಡಲೇ ಹೇಳಿಬಿಡದಿದ್ದರೆ ಒಳ್ಳೆಯದು.