ಊರಿಗೆ ಊರೇ ಸೂತಕವಾದಾಗ

ನಮ್ಮ ಕಡೆ ಒಂದು ಮನೆಯಲ್ಲಿ ಸಾವು ಸಂಭವಿಸಿದರೆ ಆ ದಿನ ಆ ಮನೆಯ ಒಲೆ ಹೊತ್ತುವುದಿಲ್ಲ. ನೆರೆಯವರು ಅನ್ನ ಸಾರು ಮಾಡಿ ಕಳುಹಿಸುವರು. ಚಿಕ್ಕ ಮಕ್ಕಳನ್ನು ತಮ್ಮಲ್ಲಿಗೆ ಕರೆದೊಯ್ದು ಉಣ್ಣಿಸಿ ಮಲಗಿಸುವರು. ಮುಸಲ್ಮಾನರ ಮನೆಗಳಲ್ಲಿಯೂ ಇದೇ ಪದ್ಧತಿಯುಂಟು. ಶಾಸ್ತ್ರಕಾರರು ಇದನ್ನು ವಿಧಿಸದೆ ಇದ್ದಿದ್ದರೂ ಜನರು ತಾವಾಗಿಯೇ ನಡೆಸಿಕೊಂಡು ಬರುತ್ತಿದ್ದರೆಂದು ನನ್ನ ಎಣಿಕೆ. ಆದರೆ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಒಂದು ಮನೆಗೆ ದುಃಖ ಬಂದಾಗ ಉಳಿದ ಮನೆಗಳು ಕ್ಷೇಮವಾಗಿರುವುವೆಂಬ ನಂಬಿಕೆಯ ಮೇಲೆ ಈ ಆಚಾರವೆಲ್ಲ ನಿಂತಿದೆ. ಒಂದೇ ರಾತ್ರಿಯಲ್ಲಿ ಬೀದಿಯ ಅಷ್ಟೂ ಮನೆಗಳಿಗೆ ಸೂತಕ ಬಂದರೆ ಅನ್ನ ಕಳುಹಿಸತಕ್ಕವರು ಯಾರು?

1984ನೆಯ ಇಸವಿ ಡಿಸೆಂಬರ್ 2ರ ರಾತ್ರಿ ಕಳೆದು 3ನೆಯ ತಾರೀಖು ಹುಟ್ಟುವ ವೇಳೆಗೆ ಭೋಪಾಲ ನಗರದಲ್ಲಿ ನಡೆದುದು ಇದೇ. ಯೂನಿಯನ್ ಕಾರ್ಬೈಡ್ ಎಂಬ ಕಂಪನಿಯ ಕೀಟನಾಶಕದ ಕಾರ್ಖಾನೆಯಲ್ಲಿ ಮಿಥೈಲ್ ಐಸೋಸಯನೇಟ್ ಎಂಬ ವಿಷದ್ರವವನ್ನು ತುಂಬಿದ್ದ ತೊಟ್ಟಿಯೊಳಕ್ಕೆ ನೀರು ಸೇರಿ, ಒಳಗೆ ಕಾವೇರಿ, ಸುಮಾರು 40 ಟನ್ನಿನಷ್ಟು ಅನಿಲವು ಹೊರಕ್ಕೆ ನುಗ್ಗಿತು. ಅದು ಗಾಳಿಗಿಂತ ಭಾರವಾದುದರಿಂದ ಆಕಾಶಕ್ಕೆ ಏರದೆ ನೆಲವನ್ನು ಹಿಡಿದೇ ಹರಿದು, ಗೋಡೆಯಾಚೆಯ ಬಡವರ ಗುಡಿಸಲುಗಳನ್ನು ಮೊದಲು ಹೊಕ್ಕಿತು. ಇದನ್ನು ದೈವೇಚ್ಛೆಯೆಂದು ಹೇಳಿ ಕೈ ತೊಳೆದುಕೊಳ್ಳುವಂತಿಲ್ಲ. ತೊಟ್ಟಿಯನ್ನು ತಂಪಾಗಿಡತಕ್ಕ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. ಹೊರಬಿದ್ದ ಅನಿಲವನ್ನು ಸುಟ್ಟುಬಿಡಬೇಕಾಗಿದ್ದ ಗೋಪುರದ ಕೊಳವೆಯನ್ನು ಕಳಚಿಟ್ಟಿದ್ದರು. ಊರಿನ ವೈದ್ಯರಿಗಂತೂ ರೋಗಿಗಳ ಕಣ್ಣನ್ನೂ ಎದೆಯನ್ನೂ ಸುಡುತ್ತಿದ್ದ ವಿಷ ಯಾವುದೆಂಬುದನ್ನು ಹೇಳಿದವರೇ ಇಲ್ಲ.

ಸತ್ತವರ ಸಂಖ್ಯೆಯನ್ನು ಸರ್ಕಾರವು ಮೊದಲು 2,259 ಎಂದಿತು, ಅನಂತರ 3,787 ಎಂದಿತು. ಗಾಸಿಗೊಂಡವರು 5,58,125 ಮಂದಿಯೆಂದು 2006ರಲ್ಲಿ ನ್ಯಾಯಾಲಯಕ್ಕೆ ತಿಳಿಸಿತು. ಸಾವಿನ ಲೆಕ್ಕ ಇದಕ್ಕಿಂತ ಎಷ್ಟೋ ಹೆಚ್ಚೆಂಬುದು ಊರಿನವರ ವಾದ. ನಾನು ಆ ವಾದದ ಪಕ್ಷದವನು. ಮನೆಮಂದಿಯೆಲ್ಲ ಸತ್ತುಹೋದ ಮೇಲೆ ಲೆಕ್ಕ ಬರೆಯಿಸುವುದಕ್ಕೆ ಕಛೇರಿಗೆ ಹೋಗತಕ್ಕವರು ಯಾರು?

ಮಹಾಭಾರತದ ಸ್ತ್ರೀಪರ್ವವನ್ನು ಪಾಠ ಹೇಳುವಾಗ ವಿದ್ಯಾರ್ಥಿಗಳು ಗಾಂಧಾರಿಯ ವಿಲಾಪಕ್ಕೆ ಕಿವಿಗೊಡುತ್ತಿದ್ದರು, ಅದರ ಮುಂದಿನ ಭಾಗಕ್ಕೆ ಬಂದೊಡನೆ ಆಕಳಿಸುತ್ತಿದ್ದರು. ನನಗೆ ಆ ಮುಂದಿನ ಭಾಗವೇ ಹೆಚ್ಚು. ದೂರದೇಶಗಳಿಂದ ಬಂದು ಸತ್ತು, ಬಂಧುಗಳಿಲ್ಲದೆ ರಣದಲ್ಲಿ ಬಿದ್ದಿದ್ದ ಅನಾಥ ಶವಗಳನ್ನೂ ಒಟ್ಟುಗೂಡಿಸಿ ಸಂಸ್ಕಾರ ಮಾಡಬೇಕೆಂದು ಧರ್ಮರಾಯನು ವಿದುರಾದಿಗಳಿಗೆ ಅಪ್ಪಣೆ ಕೊಡುತ್ತಾನೆ. ಅದಾದ ಮೇಲೆ ಗಂಗೆಯ ತಡಿಯಲ್ಲಿ ತರ್ಪಣದ ಹೊತ್ತಿಗೆ, ಕರ್ಣನೂ ನಿಮ್ಮ ಅಣ್ಣನೇ ಎಂಬ ಮಾತು ಕುಂತಿಯ ಬಾಯಿಂದ ಹೊರಡುತ್ತದೆ. ಯಾರಿಗಾಗಿ ಅಳಬೇಕೆಂಬ ಎಲ್ಲೆಯು ಆ ಕ್ಷಣದಲ್ಲಿ ಅಳಿಸಿಹೋಗುತ್ತದೆ. ಭೋಪಾಲದಲ್ಲಿಯೂ ಆ ದಿನಗಳಲ್ಲಿ ಗುರುತು ಸಿಕ್ಕದ ಹೆಣಗಳು ಅಸಂಖ್ಯವಾಗಿದ್ದುವು. ಸ್ಮಶಾನದಲ್ಲಿ ಒಂದೇ ಚಿತೆಗೆ ಹಲವರು, ಕಬರಸ್ತಾನದಲ್ಲಿ ಒಂದೇ ಗುಂಡಿಗೆ ಹಲವರು. ಹಾಗೆ ಹೂಳುತ್ತಿದ್ದ ಒಂದು ಕೂಸಿನ ಮುಖದ ಚಿತ್ರವನ್ನು ರಘು ರಾಯ್ ಎಂಬ ಛಾಯಾಗ್ರಾಹಕರು ತೆಗೆದರು. ಲೋಕವೆಲ್ಲ ಆ ಮುಖವನ್ನು ಕಂಡಿತು. ಅದು ಯಾರ ಮಗುವೆಂಬುದು ಇಂದಿಗೂ ತಿಳಿದಿಲ್ಲ.

ಆ ರಾತ್ರಿ ರೈಲುನಿಲ್ದಾಣದಲ್ಲಿ ಕೆಲಸದ ಮೇಲಿದ್ದ ಗುಲಾಮ್ ದಸ್ತಗೀರ್ ಎಂಬವರು ಪ್ರಯಾಣಿಕರು ತುಂಬಿ ನಿಂತಿದ್ದ ಗಾಡಿಯನ್ನು ವೇಳೆಗೆ ಮುಂಚೆಯೇ ಹೊರಡಿಸಿ, ತಾವು ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ಮರುದಿನದಿಂದ ಗಾಳಿ ತಾಗದ ಬಡಾವಣೆಗಳವರು ಅನ್ನ, ಹಾಲು, ಕಂಬಳಿಗಳನ್ನು ತಂದರು. ಅದೆಲ್ಲವೂ ಸ್ತುತ್ಯವೇ. ಆದರೆ ಹೊರಗಿನಿಂದ ಬಂದ ಕರುಣೆಗೆ ಒಂದು ಅವಧಿಯುಂಟು; ಹತ್ತು ದಿನವೋ, ತಿಂಗಳೋ ಆದ ಮೇಲೆ ಅದು ತನ್ನ ಮನೆಗೆ ಹಿಂದಿರುಗಿಹೋಗುತ್ತದೆ. ಮುಂದಿನ ನಲವತ್ತು ವರ್ಷಗಳ ಅನ್ನವನ್ನು ಸೂತಕದವರೇ ಸೂತಕದವರಿಗೆ ಬಡಿಸಬೇಕಾಯಿತು. ಈ ತಿಂಗಳು ನಾನು ಹೇಳಬೇಕೆಂದಿರುವುದು ಇದನ್ನೇ.

ಅಬ್ದುಲ್ ಜಬ್ಬಾರ್ ಎಂಬವರು ಆ ರಾತ್ರಿ ತಾಯಿಯನ್ನು ಸ್ಕೂಟರಿನ ಮೇಲೆ ಕೂರಿಸಿಕೊಂಡು ಊರ ಹೊರಕ್ಕೆ ಒಯ್ದವರು. ಅನಂತರದ ವರ್ಷಗಳಲ್ಲಿ ತಂದೆ, ತಾಯಿ, ಅಣ್ಣ ಮೂವರನ್ನೂ ಕಳೆದುಕೊಂಡರು. ತಮ್ಮ ಶ್ವಾಸಕೋಶವೂ ಕಣ್ಣೂ ಕೆಟ್ಟುವು. ಅನಿಲದಿಂದ ನೊಂದ ಹೆಂಗಸರ ಸಂಘವನ್ನು ಕಟ್ಟಿ, ಹೊಲಿಗೆ ಕಸೂತಿಗಳನ್ನು ಕಲಿಸುವ ಮನೆಯೊಂದನ್ನು ಏರ್ಪಡಿಸಿದರು. ಭಿಕ್ಷೆ ಬೇಡ, ಕೆಲಸ ಬೇಕು ಎಂಬುದು ಆ ಸಂಘದ ಕೂಗು. ಬುರುಕಿ ತೊಟ್ಟವರೂ ಸೆರಗು ಹೊದ್ದವರೂ ಊರಿನ ಒಂದು ಉದ್ಯಾನದಲ್ಲಿ ಪ್ರತಿ ಶನಿವಾರ ಕೂಡುವರು. ಅಲ್ಲಿ ನಡೆಯುತ್ತಿದ್ದುದು ಬರಿಯ ಭಾಷಣವಲ್ಲ. ಕಾಗದವನ್ನು ಓದಲು ಬಾರದವರಿಗೆ ಓದಿ ಹೇಳುವುದು, ಯಾರ ಅರ್ಜಿ ಎಲ್ಲಿ ನಿಂತಿದೆಯೆಂದು ವಿಚಾರಿಸುವುದು, ಹೋದ ವಾರ ಬಂದಿದ್ದವಳು ಈ ವಾರ ಏಕೆ ಬರಲಿಲ್ಲವೆಂದು ಕೇಳುವುದು. ಈ ಕೊನೆಯ ಪ್ರಶ್ನೆಯನ್ನು ಯಾವ ಸರ್ಕಾರಿ ಇಲಾಖೆಯೂ ಕೇಳಲಾರದು. ಜಬ್ಬಾರರು 2019ರ ನವೆಂಬರಿನಲ್ಲಿ ತೀರಿಕೊಂಡರು. ಪದ್ಮಶ್ರೀ ಅವರಿಗೆ ಮರಣಾನಂತರ ಬಂದಿತು.

ಇನ್ನಿಬ್ಬರ ವಿಷಯ. ರಶೀದಾ ಬೀ ಎಂಬಾಕೆ ಬೀಡಿ ಕಟ್ಟುತ್ತಿದ್ದವಳು, ಗೋಷೆಯಲ್ಲಿ ಬೆಳೆದವಳು. ಚಂಪಾದೇವಿ ಶುಕ್ಲಾ ಗಂಡನನ್ನು ಕಳೆದುಕೊಂಡವಳು. ಸರ್ಕಾರವು ತೆರೆದ ಕಾಗದದ ಕೆಲಸದ ಮನೆಯಲ್ಲಿ ಕಡತಗಳನ್ನು ತಯಾರಿಸುವಾಗ ಇವರಿಗೆ ಪರಿಚಯವಾಯಿತು. ಕೂಲಿ ನ್ಯಾಯವಾಗಿಲ್ಲವೆಂದು ಹೆಂಗಸರ ಸಂಘ ಹುಟ್ಟಿತು. 1989ರಲ್ಲಿ ಆ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಏಳುನೂರು ಕಿಲೋಮೀಟರಿಗೂ ಮಿಗಿಲಾದ ದಾರಿಯನ್ನು ಸವೆಸಿ ದಿಲ್ಲಿಗೆ ಕಾಲ್ನಡಿಗೆಯಲ್ಲಿ ಹೋದರು. ನಾಲ್ಕು ಹೆಜ್ಜೆಗೆ ಉಬ್ಬಸ ಬರುವ ಎದೆಗಳು ಅವು ಎಂಬುದನ್ನು ನೆನೆದರೆ, ದೃಢಕಾಯರಾದ ನಮ್ಮಂಥವರ ತೀರ್ಥಯಾತ್ರೆಗಳ ವರ್ಣನೆ ಸಪ್ಪೆಯಾಗುತ್ತದೆ. 2004ರಲ್ಲಿ ಇಬ್ಬರಿಗೂ ಕೂಡಿ ಗೋಲ್ಡ್‌ಮನ್ ಪಾರಿತೋಷಕ ದೊರೆಯಿತು. ಆ ಹಣದಿಂದ ‘ಚಿಂಗಾರಿ’, ಅಂದರೆ ಕಿಡಿ, ಎಂಬ ಹೆಸರಿನ ಸಂಸ್ಥೆಯನ್ನು ತೆರೆದು, ಅನಿಲದಿಂದಲೂ ಕೆಟ್ಟ ನೀರಿನಿಂದಲೂ ನೊಂದ ತಾಯ್ತಂದೆಗಳಿಗೆ ಹುಟ್ಟಿದ ಅಂಗವಿಕಲ ಮಕ್ಕಳಿಗೆ ನಡೆಯುವುದನ್ನೂ ಮಾತಾಡುವುದನ್ನೂ ಕಲಿಸತೊಡಗಿದರು.

1996ರಲ್ಲಿ ಆರಂಭವಾದ ಇನ್ನೊಂದು ಉಚಿತ ಚಿಕಿತ್ಸಾಲಯದ ಹೆಸರು ‘ಸಂಭಾವನಾ’. ಹಿಂದಿಯವರು ಈ ಶಬ್ದಕ್ಕೆ ‘ಆಗಬಹುದಾದುದು’ ಎಂದು ಅರ್ಥ ಹೇಳುವರು. ನಮ್ಮಲ್ಲಿ ಸಂಭಾವನೆಯೆಂದರೆ ಮರ್ಯಾದೆ, ಮನ್ನಣೆ, ಪುರೋಹಿತರ ಪಾಲಿಗೆ ದಕ್ಷಿಣೆ! ಸಂಸ್ಕೃತದಲ್ಲಿ ಊಹೆ, ಗೌರವ ಎರಡೂ ಅರ್ಥಗಳುಂಟು. ಅಲ್ಲಿ ಅಲೋಪತಿಯ ಜೊತೆಗೆ ಆಯುರ್ವೇದವೂ ಯೋಗವೂ ನಡೆಯುತ್ತವೆ. ಔಷಧಿಯ ಗಿಡಗಳನ್ನು ಅಂಗಳದಲ್ಲಿಯೇ ಬೆಳೆಯುತ್ತಾರೆ.

ಈ ಸಂಘಗಳೆಲ್ಲ ಒಂದಾಗಿಯೇ ಉಳಿದುವೆಂದು ಬರೆದರೆ ಸುಳ್ಳಾದೀತು. ಅವುಗಳಲ್ಲಿ ಭಿನ್ನಾಭಿಪ್ರಾಯಗಳೂ ಒಡಕುಗಳೂ ಬಂದುವು. ಒಂದು ಮನೆಯ ಅಣ್ಣತಮ್ಮಂದಿರೇ ತಂದೆಯ ವೈಕುಂಠ ಸಮಾರಾಧನೆಯ ದಿನ ಜಗಳವಾಡುವುದನ್ನು ಕಂಡಿರುವ ನಾವು ಇದಕ್ಕೆ ಹುಬ್ಬೇರಿಸಬೇಕಾಗಿಲ್ಲ.

ಇನ್ನು ನ್ಯಾಯ. 1985ರ ಕಾಯಿದೆಯಂತೆ ನೊಂದವರೆಲ್ಲರ ಪರವಾಗಿ ವಾದಿಸುವ ಅಧಿಕಾರವನ್ನು ಸರ್ಕಾರವು ತಾನೊಂದೇ ವಹಿಸಿಕೊಂಡಿತು. 330 ಕೋಟಿ ಡಾಲರು ಕೇಳಿದ ದಾವೆಯು 1989ರ ಫೆಬ್ರವರಿಯಲ್ಲಿ 47 ಕೋಟಿ ಡಾಲರಿಗೆ ರಾಜಿಯಾಯಿತು. ನೊಂದವರನ್ನು ಒಂದು ಮಾತು ಕೇಳಿದವರಿಲ್ಲ. ಗಾಸಿಗೊಂಡವರಲ್ಲಿ ಬಹುಮಂದಿಗೆ ಮೊದಲು 25,000 ರೂಪಾಯಿ, 2004ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಾದ ಮೇಲೆ ಮತ್ತೆ ಅಷ್ಟೇ ದೊರೆಯಿತು. ಮೇಷ್ಟರ ಅಭ್ಯಾಸದಿಂದ ನಾನು ಲೆಕ್ಕ ಹಾಕಿ ನೋಡಿದೆನು: ನಲವತ್ತು ವರ್ಷಕ್ಕೆ ಹಂಚಿದರೆ ದಿನಕ್ಕೆ ಮೂರೂವರೆ ರೂಪಾಯಿಗೂ ಕಡಿಮೆ. 2010ರ ಜೂನ್ 7ರಂದು ಏಳು ಮಂದಿ ಭಾರತೀಯ ಅಧಿಕಾರಿಗಳಿಗೆ ಎರಡೆರಡು ವರ್ಷದ ಸಜೆಯಾಯಿತು, ಅಂದೇ ಜಾಮೀನೂ ಆಯಿತು. ಅಮೆರಿಕದ ಮುಖ್ಯಾಧಿಕಾರಿ ಆಂಡರ್ಸನ್ 1984ರಲ್ಲಿ ಜಾಮೀನಿನ ಮೇಲೆ ದೇಶ ಬಿಟ್ಟವನು ವಿಚಾರಣೆಗೆ ಬಾರದೆಯೇ 2014ರಲ್ಲಿ ಸತ್ತನು. ಹೆಚ್ಚಿನ ಪರಿಹಾರಕ್ಕಾಗಿ ಕೇಂದ್ರ ಸರ್ಕಾರ ಸಲ್ಲಿಸಿದ ಕಡೆಯ ಅರ್ಜಿಯೂ 2023ರ ಮಾರ್ಚಿನಲ್ಲಿ ವಜಾ ಆಯಿತು.

ಸಾವಿಗೆ ಹತ್ತು ದಿನದ ಸೂತಕ, ವರ್ಷಾಂತದ ಆಬ್ದಿಕ ಎಂದು ನಮ್ಮ ಹಿರಿಯರು ಗಡುವು ಇಟ್ಟುದು ಬದುಕಿರುವವರ ಮೇಲಣ ದಯೆಯಿಂದ. ಅನ್ಯಾಯದಿಂದ ಬಂದ ಸಾವಿಗೆ ಆ ಗಡುವು ನಿಲ್ಲುವುದಿಲ್ಲ. ತಪ್ಪು ಮಾಡಿದವನು ತಪ್ಪೆಂದು ಒಪ್ಪುವವರೆಗೂ ದುಃಖವು ಬಾಗಿಲಲ್ಲಿಯೇ ಕುಳಿತಿರುತ್ತದೆ. ಅದನ್ನು ಒಬ್ಬೊಬ್ಬರೇ ಹೊತ್ತಿದ್ದರೆ ಆ ಹೆಂಗಸರು ಎಂದೋ ಕುಸಿಯುತ್ತಿದ್ದರು. ‘ಅನುಕಂಪ’ವೆಂಬ ಶಬ್ದವನ್ನು ನಾವು ಮೇಲಿನಿಂದ ತೋರುವ ಕನಿಕರವೆಂದು ಬಳಸುತ್ತೇವೆ. ಧಾತುವನ್ನು ಬಿಡಿಸಿದರೆ ಅದರ ಅರ್ಥ, ನಡುಗುವವರನ್ನು ಅನುಸರಿಸಿ ತಾನೂ ನಡುಗುವುದು. ಆ ಉದ್ಯಾನದ ಶನಿವಾರಗಳಿಗೆ ಈ ಅರ್ಥವೇ ಸಲ್ಲತಕ್ಕುದು.

ಕಾರ್ಖಾನೆಯೊಳಗೆ ವರ್ಷಗಟ್ಟಲೆ ಕೊಳೆಯುತ್ತಿದ್ದ ಸುಮಾರು 337 ಟನ್ ವಿಷದ ಕಸವನ್ನು 2025ರ ಜನವರಿಯ ಮೊದಲಲ್ಲಿ ಪೀಥಂಪುರ ಎಂಬ ಊರಿಗೆ ಸುಡುವುದಕ್ಕಾಗಿ ಸಾಗಿಸಿದರು. ತಮ್ಮ ಬಾಗಿಲಿನ ಪೀಡೆ ತೊಲಗಿತೆಂದು ಭೋಪಾಲದವರು ನಿಟ್ಟುಸಿರು ಬಿಟ್ಟಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ಆದರೆ ನೊಂದವರ ಸಂಘಗಳು, ಅದನ್ನು ಪೀಥಂಪುರದವರ ಬಾಗಿಲಿಗೆ ಒಯ್ಯಬೇಡಿ, ಮಾಡಿದವರ ದೇಶಕ್ಕೇ ಕಳುಹಿಸಿ ಎಂದು ಪಟ್ಟು ಹಿಡಿದುವು. ಪೀಥಂಪುರದ ಜನರೂ ಬೀದಿಗೆ ಇಳಿದರು. ಅವರ ಮಾತು ನಡೆಯಲಿಲ್ಲ. ಜೂನ್ ಅಂತ್ಯದ ಹೊತ್ತಿಗೆ ಅದೆಲ್ಲವನ್ನೂ ಅಲ್ಲಿಯೇ ಸುಟ್ಟರು.